ಬೆನ್ನುಹುರಿಗೆ ಬೀಳುವ ಎರಡನೆಯ ಪೆಟ್ಟು

ಅಡಿಕೆ ಕೊಯ್ಲಿನ ದಿನಗಳಲ್ಲಿ ನಮ್ಮ ಕಡೆ ಮತ್ತೆ ಮತ್ತೆ ಕೇಳಿಬರುವ ಸುದ್ದಿಯೊಂದಿದೆ. ಯಾರೋ ಮರದಿಂದ ಬಿದ್ದರು, ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಕೆಲವು ವರ್ಷಗಳ ಹಿಂದೆ ಅಂತಹ ಒಂದು ಘಟನೆಯನ್ನು ನಾನೇ ಕಣ್ಣಾರೆ ಕಂಡೆ. ಬಿದ್ದ ಯುವಕನ ಸುತ್ತ ಜನ ಸೇರಿದರು. ಒಬ್ಬರು ಕಂಕುಳಿಗೆ ಕೈ ಹಾಕಿದರು, ಇಬ್ಬರು ಕಾಲು ಹಿಡಿದರು, ಮತ್ತೊಬ್ಬರು ನೀರು ಕುಡಿಸಲು ತಲೆ ಎತ್ತಿದರು. ಐದು ನಿಮಿಷದೊಳಗೆ ಅವನನ್ನು ಆಟೋರಿಕ್ಷಾದ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿ ಕಳುಹಿಸಿದ್ದಾಯಿತು. ಕಾಲು ಹಿಡಿದವರಲ್ಲಿ ನಾನೂ ಒಬ್ಬ. ಎಲ್ಲರ ಉದ್ದೇಶವೂ ಒಳ್ಳೆಯದೇ ಆಗಿತ್ತು. ಆದರೆ ಅಂದು ನಾವು ಮಾಡಿದ್ದು ಉಪಕಾರವೋ ಅಪಕಾರವೋ ಎಂಬ ಪ್ರಶ್ನೆ ಈಗಲೂ ನನ್ನನ್ನು ಬಿಟ್ಟಿಲ್ಲ.

"ಬಿದ್ದಾಗಲೇ ಎಲ್ಲ ಮುಗಿದಿತ್ತು, ಇನ್ನೇನು ಮಾಡಲಾಗುತ್ತಿತ್ತು?" ಎಂದು ಜನ ಸಮಾಧಾನ ಹೇಳುತ್ತಾರೆ. ಈ ಮಾತು ಅರ್ಧ ಮಾತ್ರ ಸತ್ಯ. ಬೆನ್ನುಹುರಿಯ ಜೀವಕೋಶಗಳೆಲ್ಲ ಬಿದ್ದ ಕ್ಷಣದಲ್ಲೇ ಸಾಯುವುದಿಲ್ಲ. ಅನೇಕ ಕೋಶಗಳು ಗಂಟೆಗಳ, ದಿನಗಳ, ಕೆಲವು ವಾರಗಳ ಬಳಿಕ ಸಾಯುತ್ತವೆ. ಈ ಒಂದು ಸಂಗತಿ ಪ್ರತಿಯೊಂದು ಮನೆಯವರಿಗೂ ತಿಳಿದಿರಬೇಕು ಎಂಬುದು ನನ್ನ ಅಭಿಪ್ರಾಯ.

ಹುರಿಯೊಳಗೆ ನಡೆಯುವುದೇನು?

ವಯಸ್ಕರಲ್ಲಿ ಬೆನ್ನುಹುರಿ ಸುಮಾರು 45 ಸೆಂ.ಮೀ. ಉದ್ದ, ಹೆಚ್ಚುಕಡಿಮೆ ಕಿರುಬೆರಳಿನಷ್ಟು ದಪ್ಪ. ಮೆದುಳಿನ ಆಜ್ಞೆ ಕೈಕಾಲುಗಳಿಗೆ ಮುಟ್ಟುವುದು, ಮೂತ್ರ ಬಂದಿದೆ ಎಂಬ ಅರಿವು ಮೆದುಳಿಗೆ ತಲಪುವುದು ಎರಡೂ ಇದರ ಮೂಲಕವೇ. ಬೆನ್ನುಮೂಳೆ ಮುರಿದು ಒಳಗೆ ಒತ್ತಿದಾಗ ಹೆಚ್ಚಿನವರಲ್ಲಿ ಹುರಿ ಪೂರ್ತಿ ತುಂಡಾಗುವುದಿಲ್ಲ, ಜಜ್ಜಿಹೋಗುತ್ತದೆ. ಅಂಚಿನಲ್ಲಿ ಕೆಲವು ನರತಂತುಗಳು ಉಳಿದಿರುತ್ತವೆ. ಇದು ಮೊದಲ ಪೆಟ್ಟು.

ಎರಡನೆಯ ಪೆಟ್ಟು ಒಳಗಿನಿಂದ ಬರುತ್ತದೆ. ಇದರ ಸುಳಿವು ಮೊದಲು ಸಿಕ್ಕಿದ್ದು ಶತಮಾನದ ಹಿಂದೆ. 1911ರಲ್ಲಿ ಅಮೆರಿಕದ ವೈದ್ಯ ಆಲ್‌ಫ್ರೆಡ್ ರೆಜಿನಾಲ್ಡ್ ಆಲೆನ್ ಅವರು ನಾಯಿಗಳ ಬೆನ್ನುಹುರಿಯ ಮೇಲೆ ಅಳತೆ ಮಾಡಿದ ಭಾರ ಬೀಳಿಸಿ ಪರೀಕ್ಷಿಸಿದರು. ಗಾಯದ ಜಾಗವನ್ನು ಸೀಳಿ ಒಳಗೆ ಸೇರಿದ್ದ ರಕ್ತ ಮತ್ತು ಕೊಳೆತ ಅಂಶವನ್ನು ಹೊರಗೆ ಬಿಟ್ಟಾಗ ನಾಯಿಗಳು ಹೆಚ್ಚು ಚೇತರಿಸಿಕೊಂಡವು. ಅಂದರೆ ಪೆಟ್ಟಿನಿಂದ ಪಾರಾದ ಭಾಗವನ್ನೂ ಕೆಡಿಸುವ ಏನೋ ಒಂದು ಆ ಗಾಯದಲ್ಲೇ ಹುಟ್ಟುತ್ತದೆ ಎಂದಾಯಿತು.

ಆ "ಏನೋ ಒಂದು" ಯಾವುದೆಂದು ಇಂದು ಸಾಕಷ್ಟು ತಿಳಿದಿದೆ. ಸಣ್ಣ ರಕ್ತನಾಳಗಳು ಹರಿದು ರಕ್ತ ಸಂಚಾರ ಕುಸಿಯುತ್ತದೆ. ಊತ ಬರುತ್ತದೆ. ಸುತ್ತ ಗಟ್ಟಿ ಮೂಳೆಯ ಕೊಳವೆ ಇರುವುದರಿಂದ ಊದಿಕೊಳ್ಳಲು ಜಾಗವಿಲ್ಲದೆ ಹುರಿ ತನ್ನನ್ನೇ ಅದುಮಿಕೊಳ್ಳುತ್ತದೆ. ನರಕೋಶಗಳು ಪರಸ್ಪರ ಸಂದೇಶ ಕಳುಹಿಸಲು ಗ್ಲುಟಮೇಟ್ ಎಂಬ ವಸ್ತುವನ್ನು ಹನಿಯಷ್ಟು ಬಳಸುತ್ತವೆ. ಒಡೆದ ಕೋಶಗಳಿಂದ ಅದು ಪ್ರವಾಹದಂತೆ ಹೊರಚೆಲ್ಲಿದಾಗ ಪಕ್ಕದ ಕೋಶಗಳ ಬಾಗಿಲುಗಳು ತೆರೆದುಕೊಂಡು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳು ಕೆಡುತ್ತವೆ. ಕೋಶವನ್ನು ಒಳಗಿನಿಂದಲೇ ಕರಗಿಸುವ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಬಳಿಕ ಕಸ ತೆಗೆಯಲು ಬರುವ ರಕ್ತದ ಬಿಳಿಕಣಗಳು ಕಸದ ಜತೆಗೆ ಒಳ್ಳೆಯದನ್ನೂ ಹಾಳುಮಾಡುತ್ತವೆ.

ಕೋಶಗಳು ಸಾಯುವ ಮುಖ್ಯ ರೀತಿಗಳು ಎರಡು. ಒಂದು, ಊದಿ ಒಡೆದು ಸಾಯುವುದು. ಇದು ನೆರೆಯ ಕೋಶಗಳಿಗೂ ಹಾನಿ. ಇನ್ನೊಂದು, ಕೋಶ ತನ್ನೊಳಗಿನ ಆಜ್ಞೆಯಂತೆ ಕ್ರಮವಾಗಿ ಕುಗ್ಗಿ ಸಾಯುವುದು. 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ವಿಜ್ಞಾನಿಗಳು ಇದಕ್ಕೆ "ಅಪೊಪ್ಟೋಸಿಸ್" ಎಂದು ಹೆಸರಿಟ್ಟರು. ಮರದಿಂದ ಎಲೆ ಉದುರುವುದು ಎಂಬರ್ಥದ ಗ್ರೀಕ್ ಪದವಿದು. ಇದು ರೋಗವಲ್ಲ. ತಾಯಿಯ ಗರ್ಭದಲ್ಲಿ ಶಿಶುವಿನ ಬೆರಳುಗಳು ಬೇರೆ ಬೇರೆಯಾಗುವುದು ನಡುವಿನ ಕೋಶಗಳು ಹೀಗೆ ಉದುರುವುದರಿಂದಲೇ. ಇಂತಹ ಸಾವನ್ನು ನಡೆಸುವ ವಂಶವಾಹಿಗಳ ಬಗೆಗಿನ ಸಂಶೋಧನೆಗೆ 2002ರಲ್ಲಿ ನೊಬೆಲ್ ಪುರಸ್ಕಾರವೂ ಬಂತು. ಆದರೆ ಗಾಯಗೊಂಡ ಬೆನ್ನುಹುರಿಯಲ್ಲಿ ಈ ಆಜ್ಞೆ ಅಕಾಲದಲ್ಲಿ ಹೊರಡುತ್ತದೆ. 1997ರಲ್ಲಿ ಇಲಿ ಮತ್ತು ಕೋತಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಗಾಯದಿಂದ ದೂರವಿರುವ ಕೋಶಗಳೂ ವಾರಗಳ ತನಕ ಹೀಗೆ ಸಾಯುತ್ತಿರುವುದು ಕಂಡುಬಂತು. ಅವುಗಳಲ್ಲಿ ನರತಂತುಗಳಿಗೆ ಮೈಲಿನ್ ಎಂಬ ಹೊದಿಕೆ ಹೊದಿಸುವ ಕೋಶಗಳು ಸೇರಿದ್ದವು. ಕರೆಂಟಿನ ತಂತಿ ತುಂಡಾಗದಿದ್ದರೂ ಮೇಲಿನ ರಬ್ಬರು ಸುಲಿದುಹೋದರೆ ಕೆಲಸ ಕೆಡುತ್ತದಲ್ಲವೇ? ಇದೂ ಹಾಗೆಯೇ.

ನಮ್ಮ ಕೈಯಲ್ಲಿರುವುದು

ಈ ಸರಣಿಯನ್ನು ಪೂರ್ತಿ ತಡೆಯುವ ಔಷಧ ಇಂದಿಗೂ ಇಲ್ಲ. ಆದರೆ ಅದನ್ನು ಹೆಚ್ಚಿಸದಿರುವುದು ನಮ್ಮ ಕೈಯಲ್ಲಿದೆ. ಮುರಿದ ಮೂಳೆ ಕದಲಿದಷ್ಟೂ ಹುರಿ ಮತ್ತೆ ಜಜ್ಜುತ್ತದೆ. ಉಸಿರಾಟ ತಗ್ಗಿದರೆ, ರಕ್ತದೊತ್ತಡ ಕುಸಿದರೆ ಸಾಯುವ ಕೋಶಗಳ ಸಂಖ್ಯೆ ಹೆಚ್ಚುತ್ತದೆ.

ಆದ್ದರಿಂದ ಮರದಿಂದ, ಮಹಡಿಯಿಂದ, ಬೈಕಿನಿಂದ ಬಿದ್ದವರು ಕುತ್ತಿಗೆ ಅಥವಾ ಬೆನ್ನು ನೋವೆಂದರೆ, ಕೈಕಾಲು ಜೋಮು ಹಿಡಿದಿದೆ ಎಂದರೆ, ಪ್ರಜ್ಞೆ ಇಲ್ಲದಿದ್ದರೆ ಎತ್ತಬೇಡಿ, ಕೂರಿಸಬೇಡಿ, ನೀರು ಕುಡಿಸಬೇಡಿ. 108ಕ್ಕೆ ಕರೆ ಮಾಡಿ. ಒಬ್ಬರು ತಲೆಯ ಎರಡೂ ಬದಿಗೆ ಕೈಯಿಟ್ಟು ಅಲುಗಾಡದಂತೆ ಹಿಡಿಯಲಿ. ಉಸಿರಾಟದ ಮೇಲೆ ಕಣ್ಣಿರಲಿ. ಬೆಂಕಿ, ನೀರು, ವಾಹನಗಳ ಅಪಾಯವಿದ್ದು ಸ್ಥಳಾಂತರಿಸಲೇಬೇಕಾದರೆ ನಾಲ್ಕೈದು ಮಂದಿ ಸೇರಿ ತಲೆ, ಬೆನ್ನು, ಸೊಂಟ ಒಂದೇ ನೇರದಲ್ಲಿರುವಂತೆ ಮರದ ದಿಮ್ಮಿ ಹೊರಳಿಸಿದ ಹಾಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಿ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ನೀಡಿದೆ. ಪೊಲೀಸ್ ಭಯದಿಂದ ದೂರ ನಿಲ್ಲಬೇಕಾಗಿಲ್ಲ.

ಮೂಳೆ ಹುರಿಯನ್ನು ಒತ್ತುತ್ತಿದ್ದರೆ ಬೇಗ ಶಸ್ತ್ರಚಿಕಿತ್ಸೆ ಮಾಡಿದಷ್ಟೂ ಒಳ್ಳೆಯದು. 24 ಗಂಟೆಯೊಳಗೆ ಮಾಡಿದರೆ ಚೇತರಿಕೆ ಉತ್ತಮ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. "ಮನೆಯ ಹಿರಿಯರು ಬರಲಿ, ಮತ್ತೆ ತೀರ್ಮಾನಿಸೋಣ" ಎಂದು ಕಾಯುವ ನಮ್ಮ ಅಭ್ಯಾಸ ಇಲ್ಲಿ ದುಬಾರಿಯಾಗುತ್ತದೆ.

ಎರಡು ತಪ್ಪು ಮಾತುಗಳು

"ಇನ್ನೇನೂ ಇಲ್ಲ" ಎಂಬುದು ಒಂದು ತಪ್ಪು ಮಾತು. ಉಳಿದ ತಂತುಗಳು ವ್ಯಾಯಾಮ ಮತ್ತು ಅಭ್ಯಾಸದಿಂದ ಹೊಸದಾಗಿ ಕೆಲಸ ಕಲಿಯಬಲ್ಲವು. ಹಿಂದೆ ಇಂತಹ ರೋಗಿಗಳು ಹೆಚ್ಚಾಗಿ ಸಾಯುತ್ತಿದ್ದುದು ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕಿನಿಂದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಅವರು ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದು, ಮೂತ್ರಕೋಶದ ಶುಚಿತ್ವ, ವ್ಯಾಯಾಮ ಮತ್ತು ಆಟ ಇವುಗಳಿಂದಲೇ ಆ ಚಿತ್ರವನ್ನು ಬದಲಿಸಿದರು. ಇವೆಲ್ಲ ಮನೆಯಲ್ಲೂ ಸಾಧ್ಯ. ಮಗ್ಗುಲು ಬದಲಿಸಿ, ಚರ್ಮ ಒಣದಾಗಿಡಿ, ದಿನಕ್ಕೊಮ್ಮೆ ಬೆನ್ನು, ಸೊಂಟ, ಹಿಮ್ಮಡಿ ನೋಡಿ, ಕ್ಯಾಥೆಟರ್ ಮುಟ್ಟುವ ಮುನ್ನ ಸೋಪಿನಿಂದ ಕೈ ತೊಳೆಯಿರಿ.

"ಒಂದು ಇಂಜೆಕ್ಷನ್ ಸಾಕು, ನಡೆಯುತ್ತಾನೆ" ಎಂಬುದು ಇನ್ನೊಂದು ತಪ್ಪು ಮಾತು. ಬೆನ್ನುಹುರಿಯ ಗಾಯಕ್ಕೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಅಧಿಕೃತ ಪ್ರಯೋಗದ ಹೊರಗೆ ನೀಡುವಂತಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಅಧಿಕೃತ ಪ್ರಯೋಗದಲ್ಲಿ ರೋಗಿಯಿಂದ ಚಿಕಿತ್ಸೆಗೆ ಹಣ ಪಡೆಯುವುದೂ ಸರಿಯಲ್ಲ. ಯಾರಾದರೂ ಲಕ್ಷಗಟ್ಟಲೆ ಕೇಳಿದರೆ, ಹೆಂಡತಿಯ ಚಿನ್ನ ಮಾರುವ ಮುನ್ನ ಇದನ್ನು ನೆನಪಿಡಿ. ಆ ಹಣದಲ್ಲಿ ಒಳ್ಳೆಯ ಗಾಲಿಕುರ್ಚಿ, ಫಿಸಿಯೋಥೆರಪಿ, ಮನೆಬಾಗಿಲಿಗೊಂದು ಇಳಿಜಾರು ದಾರಿ ಆಗುತ್ತದೆ.

ನಮ್ಮ ಜಮಾಅತ್‌ಗಳು, ಯುವಕ ಸಂಘಗಳು ರಕ್ತದಾನ ಶಿಬಿರವನ್ನು ಚೆನ್ನಾಗಿ ನಡೆಸುತ್ತವೆ. ವರ್ಷಕ್ಕೊಮ್ಮೆ, ಕೊಯ್ಲಿಗೆ ಮುಂಚೆ, ಗಾಯಾಳುವನ್ನು ಹೊರಳಿಸುವ, ಹಲಗೆಯಲ್ಲಿ ಸಾಗಿಸುವ ತರಬೇತಿಯನ್ನೂ ನಡೆಸಲಿ. ಪಟ್ಟಿ ಕಟ್ಟಿದ ಒಂದು ಹಲಗೆ ಊರಿಗೊಂದರಂತೆ ಇರಲಿ. ನಾನು ಕಾಲು ಹಿಡಿದು ಎತ್ತಿದ ಆ ದಿನ ನಮ್ಮಲ್ಲಿ ಒಬ್ಬನಿಗಾದರೂ ಇದು ತಿಳಿದಿದ್ದರೆ, ಕನಿಷ್ಠ ಎರಡನೆಯ ಪೆಟ್ಟಿಗೆ ನಮ್ಮ ಕೈ ಸೇರುತ್ತಿರಲಿಲ್ಲ.