ದಿನ ತಪ್ಪಿದರೆ ವರ್ಷ ತಪ್ಪೀತು



ಕಾನೂನು ಶಾಸ್ತ್ರದಲ್ಲಿ ಕಾಲಕ್ಕೆ ಇರುವ ಬೆಲೆ ದೊಡ್ಡದು. ಹಕ್ಕು ಎಷ್ಟೇ ನ್ಯಾಯವಾದುದಾಗಿರಲಿ, ಅದನ್ನು ಕೇಳುವುದಕ್ಕೆ ಒಂದು ಅವಧಿ ಉಂಟು. 1963ರ ಕಾಲಮಿತಿ ಅಧಿನಿಯಮವು ಸಿವಿಲ್ ಮೇಲ್ಮನವಿಗೆ ಉಚ್ಚ ನ್ಯಾಯಾಲಯವಾದರೆ 90 ದಿನ, ಅದಕ್ಕಿಂತ ಕೆಳಗಿನ ನ್ಯಾಯಾಲಯವಾದರೆ 30 ದಿನ ಎಂದು ಗೊತ್ತುಪಡಿಸಿದೆ. ಆದರೆ ಆ ಅಧಿನಿಯಮ ನಿರ್ದಯವಾದುದಲ್ಲ. ಕೊನೆಯ ದಿನ ನ್ಯಾಯಾಲಯ ಮುಚ್ಚಿದ್ದರೆ ಅದು ಮತ್ತೆ ತೆರೆದ ದಿನ ಸಲ್ಲಿಸಬಹುದೆಂದು ಅದರ 4ನೆಯ ಕಲಂ ಹೇಳುತ್ತದೆ. ತಕ್ಕ ಕಾರಣವಿದ್ದರೆ ಮೇಲ್ಮನವಿಯ ವಿಳಂಬವನ್ನು ಮನ್ನಿಸಬಹುದೆಂದು 5ನೆಯ ಕಲಂ ಹೇಳುತ್ತದೆ.

ಈ ದಯೆ ಕಾನೂನು ಓದುವ ವಿದ್ಯಾರ್ಥಿಯ ಪ್ರವೇಶದ ಅರ್ಜಿಗೆ ಸಾಮಾನ್ಯವಾಗಿ ದೊರೆಯದು. ಅರ್ಜಿಗಳೆಲ್ಲ ಈಗ ಅಂತರಜಾಲದ ಮೂಲಕವೇ ಹೋಗುತ್ತವೆ. ಕೊನೆಯ ರಾತ್ರಿ ಕಳೆದೊಡನೆ ಆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಊರಿನಲ್ಲಿ ವಿದ್ಯುತ್ ಇರಲಿಲ್ಲ, ತಂದೆಗೆ ಮೈ ನೆಟ್ಟಗಿರಲಿಲ್ಲ ಎಂಬ ಮಾತನ್ನು ಕೇಳುವವರು ಅಲ್ಲಿ ಯಾರೂ ಇರುವುದಿಲ್ಲ. ಆದುದರಿಂದ ಕಾನೂನು ಪದವಿ ಮುಗಿಸಿ ಮುಂದೆ ಓದಬಯಸುವ ಮಕ್ಕಳಿಗೆ ಯಾವ ನೆರವು ಯಾವ ಕಾಲದಲ್ಲಿ ದೊರೆಯುವುದೆಂಬುದನ್ನು ಈ ತಿಂಗಳು ವಿವರಿಸಲು ನಾವು ಬಯಸುತ್ತೇವೆ.

ಮೊದಲನೆಯದು ಪ್ರವೇಶ. ಎಲ್‌ಎಲ್.ಎಂ. ಪದವಿಗೆ ಮುಖ್ಯವಾಗಿ ಎರಡು ದಾರಿಗಳುಂಟು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲೂ ಸೇರಿದಂತೆ ಹೆಚ್ಚಿನ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ‘ಕ್ಲ್ಯಾಟ್’ ಎಂಬ ಸಾಮಾನ್ಯ ಪರೀಕ್ಷೆ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಮೊದಲಾದೆಡೆಗಳಲ್ಲಿ ಆಯಾ ವಿಶ್ವವಿದ್ಯಾಲಯದ್ದೇ ಪ್ರಕಟಣೆ. ಇವುಗಳ ಕಾಲಗಳು ಬೇರೆ ಬೇರೆ. ಕ್ಲ್ಯಾಟ್ ಪರೀಕ್ಷೆಯು 2024ರಲ್ಲಿ ಡಿಸೆಂಬರ್ 1ರಂದು, 2025ರಲ್ಲಿ ಡಿಸೆಂಬರ್ 7ರಂದು ನಡೆಯಿತು. 2025ರ ಪರೀಕ್ಷೆಗೆ ಅರ್ಜಿಗಳು ಆಗಸ್ಟ್ 1ರಿಂದಲೇ ತೆರೆದಿದ್ದವು. ಎಂದರೆ ಮರುವರ್ಷದ ಬೇಸಿಗೆಯ ನಂತರ ಸೇರುವ ತರಗತಿಗೆ ಹಿಂದಿನ ಶ್ರಾವಣದ ಹೊತ್ತಿಗೇ ಸಿದ್ಧತೆ ಆಗಬೇಕು. ಪದವಿಯ ಕೊನೆಯ ವರ್ಷದಲ್ಲಿರುವವರೂ ಪರೀಕ್ಷೆಗೆ ಕುಳಿತುಕೊಳ್ಳಬಹುದು. ‘ಪದವಿ ಕೈಗೆ ಬರಲಿ, ಆಮೇಲೆ ನೋಡೋಣ’ ಎಂದವರಿಗೆ ಒಂದು ವರ್ಷ ಕೈತಪ್ಪಿದಂತೆಯೇ ಸರಿ.

ಪರೀಕ್ಷೆಗಿಂತಲೂ ಅದರ ಅನಂತರದ ಕೆಲವು ವಾರಗಳು ಹೆಚ್ಚು ಕಠಿಣ. ಫಲಿತಾಂಶ ಬಂದೊಡನೆ ಸೀಟು ಹಂಚಿಕೆಗೆ ಹೆಸರು ನೋಂದಾಯಿಸಬೇಕು, ಸಾವಿರಾರು ರೂಪಾಯಿ ಶುಲ್ಕ ತುಂಬಬೇಕು, ಪಟ್ಟಿಯಲ್ಲಿ ಹೆಸರು ಬಂದರೆ ಕೆಲವೇ ದಿನಗಳಲ್ಲಿ ಒಪ್ಪಿಗೆ ತಿಳಿಸಬೇಕು. ಹಿಂದೊಮ್ಮೆ ರೈತ ತಂದೆಯೊಬ್ಬರು ನಮ್ಮನ್ನು ಕಾಣಲು ಬಂದಿದ್ದರು. ಮಗಳಿಗೆ ಒಳ್ಳೆಯ ಸ್ಥಾನವೇ ದೊರೆತಿತ್ತು. ಆದರೆ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದಿತು. ಹೊಸದು ಬಂದು ಸಾಲದ ಕಾಗದಗಳು ಸಿದ್ಧವಾಗುವಷ್ಟರಲ್ಲಿ ಆ ಸ್ಥಾನ ಇನ್ನೊಬ್ಬರಿಗೆ ಹೋಗಿತ್ತು. “ಗುರುಗಳ, ಹುಡುಗಿ ಓದಿನ್ಯಾಗ ಸೋತಿಲ್ರಿ, ಕಾಗದದಾಗ ಸೋತಾಳ್ರಿ” ಎಂದು ಅವರು ತಲೆ ತಗ್ಗಿಸಿದರು. ಆ ಮಾತು ಎಷ್ಟೋ ಮನೆಗಳ ಮಾತೆಂದು ನಾವು ಬಲ್ಲೆವು. ವಕೀಲರ ಮನೆಯಲ್ಲಿ ಹುಟ್ಟಿದ ಮಗುವಿಗೆ ಇವನ್ನೆಲ್ಲ ಹೇಳಿಕೊಡುವ ಹಿರಿಯರಿರುತ್ತಾರೆ. ಮನೆತನದಲ್ಲಿ ಮೊದಲ ಬಾರಿಗೆ ಕಾನೂನು ಓದುವ ಮಗುವಿಗೆ ಹೇಳುವವರಾರು?

ಎರಡನೆಯದು ಹಣದ ನೆರವು. ಕೇಂದ್ರ ಸರಕಾರದ ಶಿಷ್ಯವೇತನಗಳಿಗೆ ರಾಷ್ಟ್ರೀಯ ಶಿಷ್ಯವೇತನ ಜಾಲತಾಣವೂ ನಮ್ಮ ರಾಜ್ಯದವುಗಳಿಗೆ ‘ಎಸ್‌ಎಸ್‌ಪಿ’ ಎಂಬ ರಾಜ್ಯ ವಿದ್ಯಾರ್ಥಿವೇತನ ಜಾಲತಾಣವೂ ಇವೆ. ಶಿಕ್ಷಣ ಸಾಲ ಬೇಕಾದವರಿಗೆ 2024ರ ನವೆಂಬರ್ 6ರಂದು ಕೇಂದ್ರ ಸಚಿವ ಸಂಪುಟವು ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆ ಇದೆ. ಆಯ್ದ ಉತ್ತಮ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ ಹೊಲ ಮನೆ ಅಡವಿಡದೆ, ಜಾಮೀನುದಾರರಿಲ್ಲದೆ ಸಾಲ ದೊರೆಯಬೇಕೆಂಬುದು ಅದರ ಆಶಯ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿದ್ದು ಬೇರೆ ಸರಕಾರಿ ಶಿಷ್ಯವೇತನ ಪಡೆಯದವರಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇಕಡಾ 3ರಷ್ಟು ರಿಯಾಯಿತಿಯನ್ನೂ ಅದು ಹೇಳಿದೆ. ಇವೆಲ್ಲಕ್ಕೂ ಬೇಕಾದ ಕಾಗದಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಅಂಕಪಟ್ಟಿಗಳು, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ. ಹೆಸರಿನ ಒಂದಕ್ಷರ ಒಂದೆಡೆ ಒಂದು ರೀತಿ, ಇನ್ನೊಂದೆಡೆ ಮತ್ತೊಂದು ರೀತಿ ಇದ್ದರೂ ಅರ್ಜಿ ನಿಂತುಹೋಗಬಹುದು. ಅದನ್ನು ತಿದ್ದಿಸುವ ಕೆಲಸ ಅರ್ಜಿಯ ತಿಂಗಳಿಗಿಂತ ಮುಂಚೆಯೇ ಆಗಬೇಕು.

ಮೂರನೆಯದು ಸನ್ನದು. ಪದವಿ ಪಡೆದವರು ವಕೀಲರಾಗಿ ನೋಂದಾಯಿಸಿಕೊಳ್ಳಲು 1961ರ ವಕೀಲರ ಅಧಿನಿಯಮದಲ್ಲಿ 750 ರೂಪಾಯಿ ಶುಲ್ಕವಿದೆ. ಪರಿಶಿಷ್ಟ ಜಾತಿ ಪಂಗಡದವರಿಗೆ 125 ರೂಪಾಯಿ. ಹಲವು ರಾಜ್ಯಗಳ ವಕೀಲರ ಪರಿಷತ್ತುಗಳು ಬೇರೆ ಬೇರೆ ಹೆಸರಿನಲ್ಲಿ ಸಾವಿರಾರು ರೂಪಾಯಿ ಪಡೆಯುತ್ತಿದ್ದವು. ಅಧಿನಿಯಮ ಹೇಳಿದುದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ಪಡೆಯುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2024ರ ಜುಲೈ 30ರಂದು ತೀರ್ಪಿತ್ತಿತು. ಬಡ ಮನೆಗಳ ಮಕ್ಕಳಿಗೆ ಇದು ದೊಡ್ಡ ಆಸರೆ.

ನೋಂದಣಿಯಾದ ಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ಎರಡು ವರ್ಷಗಳೊಳಗೆ ಉತ್ತೀರ್ಣರಾಗಬೇಕೆಂಬ ನಿಯಮವನ್ನೂ ಮರೆಯಲಾಗದು. ಪ್ರಶ್ನೆಗಳು 100, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಕನ್ನಡದಲ್ಲಿಯೂ ಬರೆಯಬಹುದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಮೊದಲಾದ ಮೂರು ಹೊಸ ಅಧಿನಿಯಮಗಳು ಜಾರಿಗೆ ಬಂದಿರುವುದರಿಂದ ಅಣ್ಣನ ಹಳೆಯ ಪುಸ್ತಕ ತಮ್ಮನಿಗೆ ಸಾಲದು.

ನ್ಯಾಯಾಧೀಶರಾಗಬೇಕೆಂಬ ಆಸೆಯುಳ್ಳವರು ಇನ್ನೊಂದು ದಿನಾಂಕವನ್ನು ನೆನಪಿಡಬೇಕು. ಸಿವಿಲ್ ನ್ಯಾಯಾಧೀಶರ ನೇಮಕಕ್ಕೆ ಮೂರು ವರ್ಷಗಳ ವಕೀಲಿ ಅನುಭವ ಬೇಕೆಂದೂ, ಅದನ್ನು ತಾತ್ಕಾಲಿಕ ನೋಂದಣಿಯ ದಿನದಿಂದ ಎಣಿಸಬಹುದೆಂದೂ ಸರ್ವೋಚ್ಚ ನ್ಯಾಯಾಲಯವು 2025ರ ಮೇ 20ರಂದು ಹೇಳಿತು. ನೇಮಕದ ಯಾವುದೇ ಅಧಿಸೂಚನೆ ಹೊರಟಾಗ ಈ ಅಂಶ ಹೇಗಿದೆಯೆಂದು ಮೊದಲು ಓದಬೇಕು. ಪದವಿ ಮುಗಿದ ಮೇಲೆ ನೋಂದಣಿಯನ್ನು ಆರು ತಿಂಗಳು ಮುಂದೂಡಿದವರು ಮುಂದೆ ಆ ಆರು ತಿಂಗಳಿಗಾಗಿಯೇ ಅವಕಾಶವೊಂದನ್ನು ಕಳೆದುಕೊಳ್ಳುವ ಸಂಭವವುಂಟು.

ಓದಿಗೆ ಬೇಕಾದ ಸಾಮಗ್ರಿ ಮೊದಲಿನಂತೆ ದುಬಾರಿಯಲ್ಲ. ಸರ್ವೋಚ್ಚ ನ್ಯಾಯಾಲಯವು 2023ರ ಜನವರಿಯಲ್ಲಿ ತನ್ನ ತೀರ್ಪುಗಳ ವರದಿಗಳನ್ನು ಅಂತರಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿತು. ಸಂವಿಧಾನ ಪೀಠದ ವಿಚಾರಣೆಗಳನ್ನು 2022ರ ಸೆಪ್ಟೆಂಬರ್ 27ರಿಂದ ಮನೆಯಲ್ಲಿ ಕುಳಿತೇ ನೋಡಲು ಅವಕಾಶವಾಯಿತು. ನವೆಂಬರ್ 9 ಕಾನೂನು ಸೇವೆಗಳ ದಿನ, ನವೆಂಬರ್ 26 ಸಂವಿಧಾನ ದಿನ. ಆ ವೇಳೆಗೆ ನಡೆಯುವ ಉಪನ್ಯಾಸ, ಕಾನೂನು ನೆರವು ಶಿಬಿರ, ಅಣಕು ನ್ಯಾಯಾಲಯ ಸ್ಪರ್ಧೆಗಳಿಗೆ ಮಕ್ಕಳು ಹೋಗಲಿ. ತರಗತಿಯಲ್ಲಿ ದೊರೆಯದ ಹಿರಿಯರ ಪರಿಚಯವೂ ಧೈರ್ಯವೂ ಅಲ್ಲಿ ದೊರೆಯುತ್ತವೆ.

ಇನ್ನು ಮನಸ್ಸಿನ ಮಾತು. ಒಂದು ವರ್ಷದ ಎಲ್‌ಎಲ್.ಎಂ.ನಲ್ಲಿ ತರಗತಿ, ಪರೀಕ್ಷೆ, ಪ್ರಬಂಧ ಎಲ್ಲವೂ ಹನ್ನೆರಡು ತಿಂಗಳಲ್ಲಿ ಮುಗಿಯಬೇಕು. ಪರವೂರಿನಲ್ಲಿ, ಇಂಗ್ಲಿಷಿನ ನಡುವೆ, ಸಾಲದ ಭಾರದೊಡನೆ ಓದುವ ಮಗು ಕುಗ್ಗಿದರೆ ಅದು ಸೋಮಾರಿತನವಲ್ಲ. ‘ಟೆಲಿ ಮಾನಸ’ ಎಂಬ ಸರಕಾರಿ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಗಿದೆ. ಅದರ ಸಂಖ್ಯೆ 14416. ಹಗಲಿರುಳು ಉಚಿತವಾಗಿ, ಕನ್ನಡದಲ್ಲಿಯೂ ಮಾತನಾಡಬಹುದು. ಈ ಸಂಖ್ಯೆಯನ್ನು ಮಕ್ಕಳಿಗೆ ತಿಳಿಸಲು ತಾಯಿತಂದೆಗಳು ಸಂಕೋಚಪಡಬಾರದು.

ಸಂಬಂಧಿಕರ ಮದುವೆಯ ದಿನವನ್ನೂ ಊರ ಜಾತ್ರೆಯ ದಿನವನ್ನೂ ನಾವು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ. ಮಗುವಿನ ಅರ್ಜಿಯ ದಿನಕ್ಕೂ ಅಲ್ಲಿ ಒಂದು ಗುರುತು ಇರಲಿ. ಕೊನೆಯ ದಿನಕ್ಕಲ್ಲ, ಅದಕ್ಕೆ ಹದಿನೈದು ದಿನ ಮುಂಚೆ. ಎಲ್ಲ ಕಾಗದಗಳೂ ಒಂದೇ ಚೀಲದಲ್ಲಿರಲಿ. ದಿನಾಂಕಗಳು ವರ್ಷವರ್ಷವೂ ಬದಲಾಗುವುದರಿಂದ ಆಯಾ ಸಂಸ್ಥೆಯ ಪ್ರಕಟಣೆಯನ್ನೇ ನೋಡಬೇಕು, ಯಾರೋ ಹೇಳಿದರೆಂದು ನಂಬಬಾರದು. ಊರಿನ ವಕೀಲರು ತಿಂಗಳಿಗೆ ಒಂದು ಸಂಜೆ ಇಂಥ ಮಕ್ಕಳೊಡನೆ ಕುಳಿತು ಮಾತನಾಡಿದರೆ, ಹಣ ಕೊಟ್ಟುದಕ್ಕಿಂತ ಹೆಚ್ಚಿನ ಉಪಕಾರವಾದೀತು.