ಕಲಿಸುವವರ ಪಂದ್ಯ

ಗಾಲ್ಫ್ ಸಿರಿವಂತರ ಆಟವೆಂದು ಮೂಗು ಮುರಿದು ಸುಮ್ಮನಾಗುವುದು ನಮ್ಮ ರೂಢಿ. ಆದರೆ ಸಿರಿವಂತರ ಬಯಲಿನಲ್ಲೂ ದುಡಿಯುವವರಿದ್ದಾರೆ. ಅಮೆರಿಕದ ಕ್ಲಬ್ಬುಗಳಲ್ಲಿ ದುಡಿಯುವ ವೃತ್ತಿ ಆಟಗಾರರನ್ನೇ ನೋಡಿ. ಸದಸ್ಯರಿಗೆ ಆಟ ಕಲಿಸುವವರು ಅವರು. ಅಂಗಡಿಯಲ್ಲಿ ಕೋಲು, ಚೆಂಡು ಮಾರುವವರೂ ಅವರೇ.

ಒಂದು ಕಾಲಕ್ಕೆ ಇವರಿಗೆ ಕ್ಲಬ್ಬಿನ ಮುಂಬಾಗಿಲು ಮುಚ್ಚಿತ್ತು. 1920ರ ಯು.ಎಸ್. ಓಪನ್ ಪಂದ್ಯದ ವೇಳೆ ಒಹಾಯೋದ ಇನ್ವರ್ನೆಸ್ ಕ್ಲಬ್ಬು ಇವರನ್ನು ಒಳಗೆ ಬಿಟ್ಟಿತು. ಆಟಗಾರರು ಹಣ ಕೂಡಿಸಿ ಆ ಕ್ಲಬ್ಬಿಗೆ ದೊಡ್ಡ ಗಡಿಯಾರವೊಂದನ್ನು ಕಾಣಿಕೆ ಕೊಟ್ಟರು. ಹೊಸ್ತಿಲು ದಾಟಲು ಬಿಟ್ಟದ್ದಕ್ಕೆ ಗಡಿಯಾರ! ನಗಬೇಕೋ, ಅಳಬೇಕೋ?

ಇವರ ಸಂಘ, ಪಿ.ಜಿ.ಎ., ಹುಟ್ಟಿದ್ದು 1916ರಲ್ಲಿ. ಅವಮಾನ ಉಂಡವರ ಸಂಘ ಪರರ ಅವಮಾನವನ್ನು ಅರಿಯಬೇಕಿತ್ತು. ಅದು ಮಾಡಿದ್ದೇನು? ಬಿಳಿಯರಿಗೆ ಮಾತ್ರ ಸದಸ್ಯತ್ವವೆಂದು ನಿಯಮ ಬರೆದುಕೊಂಡಿತು! ಕ್ಯಾಲಿಫೋರ್ನಿಯಾ ಸರ್ಕಾರದ ವಕೀಲ ಸ್ಟ್ಯಾನ್ಲಿ ಮಾಸ್ಕ್ ಪಟ್ಟು ಹಿಡಿದ ಮೇಲೆ, 1961ರಲ್ಲಿ ಆ ನಿಯಮ ಅಳಿಯಿತು. ಜೊತೆಗಾರನ ಮುಖಕ್ಕೆ ಬಾಗಿಲು ಹಾಕುವ ಸಂಘ ಧಣಿಯ ಕೆಲಸವನ್ನೇ ಮಾಡುತ್ತದೆ. ಎಲ್ಲ ಸಂಘಗಳಿಗೂ ಇದು ಪಾಠ.

1968ರಲ್ಲಿ ಊರೂರು ತಿರುಗಿ ಆಡುವ ತಾರೆಗಳು ಬೇರೆ ದಾರಿ ಹಿಡಿದರು. ಕಲಿಸುವವರಿಗೆಂದೇ ಒಂದು ರಾಷ್ಟ್ರೀಯ ಪಂದ್ಯ ಆರಂಭವಾದದ್ದೂ ಆ ವರ್ಷವೇ. ಈಗ ಅದರಲ್ಲಿ ಮೊದಲ 20 ಸ್ಥಾನ ಪಡೆದವರಿಗೆ ತಾರೆಗಳೊಡನೆ ಪಿ.ಜಿ.ಎ. ಚಾಂಪಿಯನ್‌ಷಿಪ್ ಆಡುವ ಹಕ್ಕುಂಟು.

2023ರಲ್ಲಿ ಹೀಗೆ ಬಂದವರು ಕ್ಯಾಲಿಫೋರ್ನಿಯಾದ ಮೈಕೆಲ್ ಬ್ಲಾಕ್. ಓಕ್ ಹಿಲ್ ಬಯಲಿನಲ್ಲಿ ಕೊನೆಯ ದಿನ ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಹಾಕಿದರು. ಹದಿನೈದನೆಯ ಸ್ಥಾನ ಹಂಚಿಕೊಂಡು ಸುಮಾರು 2,88,000 ಡಾಲರ್ ಗಳಿಸಿದರು. ಜಗತ್ತೆಲ್ಲ ಕೊಂಡಾಡಿತು. ನಾವೂ ಮೆಚ್ಚುತ್ತೇವೆ. ವಾರವೆಲ್ಲ ಪಾಠ ಹೇಳಿ, ಬಿಡುವಿನಲ್ಲಿ ಅಭ್ಯಾಸ ಮಾಡಿ ಗೆದ್ದ ಕೈ ಅದು.

ಆದರೆ ಅಂದು ಬಂದ 20 ಮಂದಿಯಲ್ಲಿ ಕೊನೆಯ ಎರಡು ದಿನ ಆಡಲು ಉಳಿದವರು ಬ್ಲಾಕ್ ಒಬ್ಬರೇ. ಆ ಬಯಲಿಗೆ ಕಾಲಿಡದ ಸಾವಿರಾರು ಮಂದಿ ಎಂದಿನಂತೆ ಕ್ಲಬ್ಬುಗಳಲ್ಲಿ ದುಡಿಯುತ್ತಿದ್ದರು. ಒಬ್ಬನ ಅದೃಷ್ಟ ಎಲ್ಲರ ಸಂಬಳವಾಗದು. ವಾರ್ಷಿಕೋತ್ಸವದಲ್ಲಿ ಒಬ್ಬ ನೇಕಾರನಿಗೆ ಶಾಲು ಹೊದಿಸಿದರೆ ಗಿರಣಿಯವರೆಲ್ಲರ ಬೋನಸ್ ಸಂದಾಯವಾಯಿತೇ?

ಪಂದ್ಯ ನಡೆಯಲಿ, ಗೆದ್ದವರಿಗೆ ಚಪ್ಪಾಳೆ ಬೀಳಲಿ. ಆದರೆ ದುಡಿಯುವವನ ಮಾನವನ್ನು ಬಹುಮಾನದಿಂದ ಅಳೆಯಬಾರದು. ಪ್ರತಿದಿನದ ಕೂಲಿಯಿಂದ, ಮುಂಬಾಗಿಲಲ್ಲಿ ನಡೆಯುವ ಹಕ್ಕಿನಿಂದ ಅಳೆಯಬೇಕು. ಆ ಹಕ್ಕಿಗಾಗಿ ಯಾರೂ ಗಡಿಯಾರ ಕೊಡಬೇಕಾಗಿಲ್ಲ.