ವೈ-ಫೈ ಭದ್ರತೆ: ಹೊಣೆ ಪೆಟ್ಟಿಗೆ ಕೂರಿಸಿದವರದು

ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದಂಥ ಹೋಬಳಿ ಕೇಂದ್ರಗಳಲ್ಲೂ ವೈ-ಫೈ ಈಗ ಮನೆಬಳಕೆಯ ಸಾಮಾನು. ಮಕ್ಕಳ ಪಾಠ, ಶೇಂಗಾ ಧಾರಣೆ, ಪಹಣಿ, ಬ್ಯಾಂಕಿನ ವ್ಯವಹಾರ ಎಲ್ಲವೂ ಗೋಡೆಯ ಮೇಲಿನ ಒಂದು ಪೆಟ್ಟಿಗೆಯ ಮೂಲಕ ಸಾಗುತ್ತವೆ. ಅದು ಎಷ್ಟು ಭದ್ರ ಎಂಬುದು ತೀರ್ಮಾನವಾಗುವುದು ಅದನ್ನು ಕೂರಿಸುವ ಅರ್ಧ ಗಂಟೆಯಲ್ಲಿ. ವೈರ್ ಎಳೆದು, ಹಸಿರು ದೀಪ ಹತ್ತಿದ್ದನ್ನು ನೋಡಿ, ಪಾಸ್‌ವರ್ಡ್ ಜಾಗದಲ್ಲಿ ಮನೆಯವರ ಮೊಬೈಲ್ ನಂಬರನ್ನೇ ಒತ್ತಿ ಹೋಗುವ ರೂಢಿ ಇದೆ. ಅದೇ ನಂಬರು ಅಂಗಡಿ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿರುತ್ತದೆ. ಬೋರ್ಡು ನೋಡದವರಿಗೂ ಕಷ್ಟವಿಲ್ಲ: ನಮ್ಮ ಮೊಬೈಲ್ ಸಂಖ್ಯೆಗಳು 6ರಿಂದ 9ರೊಳಗಿನ ಅಂಕೆಯಿಂದಲೇ ಶುರುವಾಗುವುದರಿಂದ ಒಟ್ಟು 400 ಕೋಟಿ ಸಾಧ್ಯತೆಗಳಷ್ಟೇ; ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಅಷ್ಟನ್ನೂ ಕೆಲವೇ ಗಂಟೆಗಳಲ್ಲಿ ಪರೀಕ್ಷಿಸಬಲ್ಲದು. ರೂಟರ್‌ನ ಅಡ್ಮಿನ್ ಪಾಸ್‌ವರ್ಡಂತೂ ಎಷ್ಟೋ ಕಡೆ ಕಾರ್ಖಾನೆಯಿಂದ ಬಂದಂತೆಯೇ ಉಳಿದಿರುತ್ತದೆ. ಇವೆರಡನ್ನೂ ಬದಲಿಸಿಕೊಡದೆ ಸಂಪರ್ಕದ ಕೆಲಸ ಮುಗಿಯಿತೆನ್ನಬಾರದು, ಮತ್ತು ಆ ಹೊಣೆಯನ್ನು ಸಂಪರ್ಕ ಕೊಡುವ ಸಂಸ್ಥೆಯೇ ಹೊರಬೇಕು ಎಂಬುದು ನನ್ನ ವಾದ.

ನಮ್ಮ ಮನೆಯಲ್ಲಿ ಕದಿಯಲು ಏನಿದೆ ಎಂದು ಕೇಳುವವರಿದ್ದಾರೆ. ಆದರೆ ಹೊರಗಿನವನಿಗೆ ಬೇಕಾಗಿರುವುದು ಎಷ್ಟೋ ಸಲ ನಿಮ್ಮ ಹಣವಲ್ಲ, ನಿಮ್ಮ ವಿಳಾಸ. 2008ರ ಜುಲೈ 26ರಂದು ಅಹಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಸುದ್ದಿ ಸಂಸ್ಥೆಗಳಿಗೆ ಬಂದ ಇ-ಮೇಲ್ ನವಿ ಮುಂಬೈನ ಫ್ಲ್ಯಾಟ್ ಒಂದರ ವೈ-ಫೈನಿಂದ ಹೋಗಿತ್ತು. ತನಿಖೆ ಮೊದಲು ಹೋಗಿದ್ದು ಕಳಿಸಿದವನ ಬಳಿಗಲ್ಲ, ಏನೂ ಅರಿಯದ ಆ ಮನೆಗೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಸುಮಾರು 60 ಜೋಡಿ ಕಾರ್ಖಾನೆ ಹೆಸರು-ಪಾಸ್‌ವರ್ಡ್‌ಗಳನ್ನು ಒಂದಾದ ಮೇಲೊಂದು ಹಾಕಿ ನೋಡಿಯೇ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶ ಮಾಡಿಕೊಂಡಿತು. ಆ ಅಕ್ಟೋಬರ್‌ನಲ್ಲಿ ಅಮೆರಿಕದ ಬಹಳಷ್ಟು ಜನರಿಗೆ ಟ್ವಿಟರ್, ನೆಟ್‌ಫ್ಲಿಕ್ಸ್ ಸಿಗದಂತೆ ಮಾಡಿದ್ದು ಇಂಥ ಮನೆಪೆಟ್ಟಿಗೆಗಳೇ.

ಪಾಸ್‌ವರ್ಡ್ ಬದಲಿಸುವುದು ಗ್ರಾಹಕರ ಕೆಲಸವಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ವಿದ್ಯುತ್ ವಿಷಯದಲ್ಲಿ ನಾವು ಹಾಗೆನ್ನುವುದಿಲ್ಲ. ಮೀಟರ್ ಕೂರುವ ಮೊದಲು ವೈರಿಂಗ್ ಸರಿಯಿದೆಯೆಂದು ಪರವಾನಗಿ ಪಡೆದ ಗುತ್ತಿಗೆದಾರ ಬರೆದುಕೊಡಬೇಕು. ಅರ್ಥಿಂಗ್ ಎಂದರೇನೆಂದು ಮನೆಯವರು ಕಲಿತಿರಬೇಕಿಲ್ಲ. ಎಲ್ಲ ಉಪಕರಣಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್‌ನಿಂದ ಕಾನೂನಿನಲ್ಲೇ ನಿಷೇಧಿಸಿದೆ. ಗ್ರಾಹಕರು ಮರೆತು ಪದೇಪದೇ ಫೋನ್ ಮಾಡುತ್ತಾರೆ ಎಂಬ ಕೇಬಲ್ ಆಪರೇಟರುಗಳ ಅಳಲು ಸುಳ್ಳಲ್ಲ. ಕೆಲಸಗಾರನಿಗೆ ಸಿಗುವ ಕೂಲಿಯಲ್ಲಿ ಎರಡನೇ ಸಲ ಹಳ್ಳಿಗೆ ಓಡಿ ಬರುವುದು ಹೊರೆಯೇ. ಅದಕ್ಕೆ ಪರಿಹಾರ ಮೊಬೈಲ್ ನಂಬರಲ್ಲ, ಒಂದು ಚೀಟಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ, ಚೀಟಿಯಲ್ಲಿ ಬರೆದು ಬೀರುವಿನೊಳಗೆ ಇಟ್ಟರೆ ಸಾಕು. ದೂರದಲ್ಲಿ ಕೂತ ಕಳ್ಳನಿಗೆ ಬೀರು ಕಾಣುವುದಿಲ್ಲ.

ಪಕ್ಕದ ಮನೆಯ ಮಕ್ಕಳು ಪರೀಕ್ಷೆಯ ಕಾಲಕ್ಕೆ ಕೇಳಿದರೆ ಇಲ್ಲ ಎನ್ನಲಾದೀತೇ? ಎನ್ನಬೇಕಿಲ್ಲ, ಆ ಕೊಡುಕೊಳ್ಳುವಿಕೆ ಉಳಿಯಬೇಕು. ಈಗಿನ ಹೆಚ್ಚಿನ ರೂಟರ್‌ಗಳಲ್ಲಿ ಅತಿಥಿಗಳಿಗೆಂದೇ ಬೇರೆ ಹೆಸರು, ಬೇರೆ ಪಾಸ್‌ವರ್ಡ್‌ನ ವೈ-ಫೈ ತೆರೆಯಬಹುದು. ಅದನ್ನೂ ಮೊದಲ ದಿನವೇ ತೋರಿಸಿಕೊಡಬೇಕು.

ಸಿಗ್ನಲ್ ಸರಿಯಾಗಿ ಬರುವುದೂ ಆ ಅರ್ಧ ಗಂಟೆಯ ಮೇಲೆಯೇ ನಿಂತಿದೆ. ಫೈಬರ್ ಬೀದಿ ಕಡೆಯಿಂದ ಬರುತ್ತದೆಂದು ಬಾಗಿಲ ಪಕ್ಕದಲ್ಲೇ ಪೆಟ್ಟಿಗೆ ನೇತುಹಾಕಿದರೆ, ನಮ್ಮ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಗೋಡೆ ದಾಟಿ ಅಡುಗೆಮನೆಗೆ ಸಿಗ್ನಲ್ ತಲುಪುವುದಿಲ್ಲ. ಬೀದಿಗೆ ಮಾತ್ರ ಧಾರಾಳವಾಗಿ ಸಿಗುತ್ತದೆ. ಹತ್ತು ಮೀಟರ್ ಹೆಚ್ಚು ವೈರ್ ಎಳೆದು ನಡುಮನೆಯಲ್ಲಿ ಎತ್ತರಕ್ಕೆ ಕೂರಿಸಿದರೆ ಎರಡೂ ತೊಂದರೆ ತಗ್ಗುತ್ತವೆ. ಗೋಡೆ ದಾಟುವುದರಲ್ಲಿ 2.4 ಗಿಗಾಹರ್ಟ್ಸ್ ಮೇಲು, ವೇಗದಲ್ಲಿ 5 ಗಿಗಾಹರ್ಟ್ಸ್. ಕರೆಂಟು ಹೋದಾಗಲೂ ನಡೆಯಲು 12 ವೋಲ್ಟಿನ ಸಣ್ಣ ಯುಪಿಎಸ್ ಸಾಕು.

ಹಳ್ಳಿಗಳಿಗೆ ಫೈಬರ್ ಒಯ್ಯುವ ಪರಿಷ್ಕೃತ ಭಾರತ್‌ನೆಟ್‌ಗೆ ಕೇಂದ್ರ ಸಂಪುಟ 2023ರಲ್ಲಿ 1.39 ಲಕ್ಷ ಕೋಟಿ ರೂಪಾಯಿ ಒಪ್ಪಿದೆ. ಅಷ್ಟು ಸಾರ್ವಜನಿಕ ಹಣ ಹರಿಯುವಾಗ, ಪಾಸ್‌ವರ್ಡ್ ಬದಲಿಸಿ ಚೀಟಿ ಕೊಟ್ಟಿದ್ದಾರೆಂಬ ಮನೆಯವರ ಸಹಿ ಇಲ್ಲದೆ ಆಪರೇಟರ್ ಬಿಲ್ ಪಾಸಾಗದು ಎಂಬ ಒಂದು ಷರತ್ತನ್ನು ಗುತ್ತಿಗೆ ಪತ್ರದಲ್ಲಿ ಸೇರಿಸಲು ಸರ್ಕಾರಕ್ಕೆ ಯಾವ ಅಡ್ಡಿಯೂ ಇಲ್ಲ.